ಒಬ್ಬನಿಗಾಗಿ ಬರೆದ ಕಲಮು

ಸೆಪ್ಟೆಂಬರಿನ ಒಂದು ಶನಿವಾರ ಬೆಳಿಗ್ಗೆ, ಬೆಟ್ಟದಿಂದ ಇಳಿಸಿ ತಂದ ಊರವರೆಲ್ಲರ ಕುರಿಗಳು ತುಂಬಿದ ದೊಡ್ಡಿಯಲ್ಲಿ ಸಂಸದ ಬ್ರಾಂಡುರ್ ಒಂದು ಹೆಣ್ಣುಕುರಿಯನ್ನು ಮೊಣಕಾಲುಗಳ ನಡುವೆ ಅಮುಕಿ ಹಿಡಿದು ಕಿವಿ ಸವರಿದ. ಎಡಗಿವಿಯ ತುದಿ ಸೀಳು, ಬಲಗಿವಿಗೆ ಎರಡು ಕಚ್ಚು. ಕಣ್ಣು ಮುಚ್ಚಿದ್ದರೂ ಬೆರಳಿಗೆ ಗೊತ್ತಾಗುವ ಗುರುತು: ಪಕ್ಕದ ಮನೆಯ ಸ್ವೆರಿರನದು. ಬಿಟ್ಟ ಕೂಡಲೇ ಕುರಿ ಕಲ್ಲುಗೋಡೆಗೆ ಮೈ ಉಜ್ಜತೊಡಗಿತು. ಹಿಂಗಾಲು ನಡುಗುತ್ತಿತ್ತು.

ಹನ್ನೊಂದು ವರ್ಷದ ಹಿಂದೆ ಇಲ್ಲಿ ಹೀಗೆ ಮೈ ಉಜ್ಜಿದ್ದು ಬ್ರಾಂಡುರನ ಕುರಿ. ಆಗ ಅವನು ಬರೀ ರೈತ. ಊರ ಸಮಿತಿಯ ಅಧ್ಯಕ್ಷನಾಗಿದ್ದ ಸ್ವೆರಿರ್ ಪಶುವೈದ್ಯರಿಗೆ ಫೋನ್ ಮಾಡಿದ. ಮದ್ದಿಲ್ಲದ, ಹಿಂಡಿನಿಂದ ಹಿಂಡಿಗೆ ಹರಡುವ ತುರಿರೋಗ ಖಚಿತವಾಯಿತು. ಮುನ್ನೂರ ಹನ್ನೆರಡು ಕುರಿಗಳನ್ನೂ ಕೊಂದು ಸುಟ್ಟರು. ನೆರೆಯ ಹಿಂಡುಗಳನ್ನೂ ಕೊಲ್ಲಬೇಕೇ ಎಂಬುದು ಆಗ ಸಮಿತಿ ಅಧ್ಯಕ್ಷರ ವಿವೇಚನೆಗೆ ಬಿಟ್ಟದ್ದು. ಸ್ವೆರಿರ್ ತನ್ನ ಹಿಂಡಿಗೆ ಏನೂ ಇಲ್ಲವೆಂದು ಬರೆದುಕೊಂಡ. ಅದೇ ವಾರ ಅವನು ರೋಗ ಬಂದ ಮೂರು ಕುರಿಗಳನ್ನು ಗುಟ್ಟಾಗಿ ಹೂತಿದ್ದ ಎಂಬುದು ಬ್ರಾಂಡುರನಿಗೆ ತಿಳಿದಾಗ ವಸಂತ ಬಂದಿತ್ತು, ಕೊಟ್ಟಿಗೆ ಖಾಲಿಯಿತ್ತು.

ಅವನು ಜಗಳವಾಡಲಿಲ್ಲ. ಮುಂದಿನ ಚುನಾವಣೆಗೆ ನಿಂತು ಏಳು ಮತಗಳಿಂದ ಸ್ವೆರಿರನ ಅಧ್ಯಕ್ಷ ಕುರ್ಚಿ ಕಿತ್ತುಕೊಂಡ. ಅಷ್ಟಕ್ಕೆ ಹೊಟ್ಟೆ ತಣ್ಣಗಾಗಲಿಲ್ಲ. ಸಂಸದನಾಗಿ ರಾಜಧಾನಿ ರೇಕ್ಯಾವಿಕ್‌ಗೆ ಹೋದ, ಸಂಸತ್ತಿನ ಕೃಷಿ ಸಮಿತಿಯಲ್ಲಿ ಮೂರು ಚಳಿಗಾಲ ಪಟ್ಟು ಹಿಡಿದು ಕೂತು ಕುರಿರೋಗದ ಕಾನೂನಿಗೆ ಒಂದೇ ಒಂದು ಕಲಮು ಸೇರಿಸಿದ: ಒಂದು ಮನೆಯಲ್ಲಿ ರೋಗ ಕಂಡರೆ ಅದರ ಜೊತೆ ಬೇಲಿ ಹಂಚಿಕೊಂಡ ಮನೆಯ ಹಿಂಡನ್ನೂ ಕೊಲ್ಲಬೇಕು, ಯಾರ ವಿವೇಚನೆಯೂ ನಡೆಯದು. ಹೆಂಡತಿ ಹೆರ್ದಿಸ್ ಅದನ್ನು ಓದಿ, ಸ್ವೆರಿರನ ಹೆಸರೊಂದನ್ನು ಹಾಕಿಲ್ಲ ಅಷ್ಟೇ ಎಂದಿದ್ದಳು. ಅವನು ರಾಜಧಾನಿಯಲ್ಲಿದ್ದ ವರ್ಷಗಳಲ್ಲಿ ನೂರೆಂಬತ್ತು ಕುರಿಗಳ ಹೊಸ ಹಿಂಡು ಕಟ್ಟಿದವಳು ಅವಳೇ.

ಬ್ರಾಂಡುರ್ ಫೋನ್ ತೆಗೆದದ್ದನ್ನು ಕಂಡು ಸ್ವೆರಿರ್ ಕುರಿಗಳನ್ನು ತಳ್ಳಿಕೊಂಡು ಬಂದ.

"ಕಾಲು ಉಳುಕಿದೆ ಅದಕ್ಕೆ, ಅಷ್ಟೇ."

ಬ್ರಾಂಡುರ್ ಪಶುವೈದ್ಯರ ನಂಬರು ಹುಡುಕುತ್ತಿದ್ದ.

"ನಮ್ಮಿಬ್ರಿಗೂ ಒಂದೇ ಬೇಲಿ ಕಣೋ. ನೀನೇ ಬರೆದಿದ್ದು, ಓದ್ಕೊಂಡಿಲ್ವಾ?"

"ಬಾಯಿಪಾಠ ಬರುತ್ತೆ."

"ನಿನ್ನ ಹಿಂಡು ಹೆರ್ದಿಸ್ ಒಬ್ಳೇ ಸಾಕಿದ್ದು. ಅವಳನ್ನಾದ್ರೂ ಒಂದು ಮಾತು ಕೇಳು."

ಹೆರ್ದಿಸ್ ಗೋಡೆಯಾಚೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಬ್ರಾಂಡುರ್ ಆ ಕಡೆ ತಿರುಗಲಿಲ್ಲ.

"ಅವತ್ತು ನೀನು ಯಾರನ್ನ ಕೇಳಿದ್ದೆ?" ಎಂದವನು ಫೋನನ್ನು ಕಿವಿಗಿಟ್ಟ.

ಹತ್ತು ದಿನಕ್ಕೆ ವರದಿ ಬಂತು: ತುರಿರೋಗವೇ. ಸ್ವೆರಿರನ ಹಿಂಡು ಲಾರಿ ಹತ್ತುವುದನ್ನು ಬ್ರಾಂಡುರ್ ಬೇಲಿಯ ಬಳಿ ನಿಂತು ಕೊನೆಯ ಕುರಿಯವರೆಗೂ ನೋಡಿದ. ಮಧ್ಯಾಹ್ನ ಅದೇ ಲಾರಿ ಅವನ ಅಂಗಳಕ್ಕೆ ಬಂದಾಗ ಕುರಿಗಳನ್ನು ಹತ್ತಿಸಿದವಳು ಹೆರ್ದಿಸ್. ಇನ್ನು ಎರಡು ವರ್ಷ ಆ ಎರಡೂ ಮನೆಗಳಲ್ಲಿ ಕುರಿ ಸಾಕುವಂತಿಲ್ಲ.