ಶುಕ್ರವಾರದ ಸೈಕಲ್ಲು

ಸೈಕಲ್ಲಿನಲ್ಲೂ ಗಂಡು ಹೆಣ್ಣು ಇದೆ, ಗಂಡು ಸೈಕಲ್ಲಿಗೆ ಶನಿವಾರ ಎಣ್ಣೆನೀರು, ಹೆಣ್ಣು ಸೈಕಲ್ಲಿಗೆ ಶುಕ್ರವಾರ ಎಂದು ನಂಬಿದ್ದ ಮನುಷ್ಯ ಈ ಭೂಮಿಯ ಮೇಲೆ ನಮ್ಮ ಮಾವ ಒಬ್ಬರೇ ಇರಬೇಕು. ಗಂಡಸರು ಶನಿವಾರ, ಹೆಂಗಸರು ಶುಕ್ರವಾರ ತಲೆಗೆ ಎಣ್ಣೆ ಇಟ್ಟು ನೀರು ಹಾಕಿಕೊಳ್ಳುವುದು ನಮ್ಮ ಕಡೆಯ ಪದ್ಧತಿ. ಮಾವ ಅದನ್ನು ಸೈಕಲ್ಲಿಗೂ ತಂದಿಟ್ಟಿದ್ದರು. ಅಡ್ಡ ಕಂಬಿ ಇದ್ದದ್ದು ಗಂಡು, ಅದು ಅವರದು. ಕಂಬಿ ಬಾಗಿದ್ದು ಹೆಣ್ಣು, ಅದು ನನ್ನದು. ಶುಕ್ರವಾರ ಬಂತೆಂದರೆ ಮೊದಲು ನನ್ನ ಸೈಕಲ್ಲಿನ ಬೆಲ್ಲಿನ ನೆತ್ತಿಗೆ ಒಂದು ತೊಟ್ಟು ಹರಳೆಣ್ಣೆ ಇಟ್ಟು, "ನೂರ್ಕಾಲ ಬಾಳಮ್ಮಣ್ಣಿ" ಎಂದು ಹರಸುತ್ತಿದ್ದರು. ಆಮೇಲೆ ಗೋಣಿಚೀಲದ ಮೇಲೆ ತಲೆಕೆಳಗೆ ನಿಲ್ಲಿಸಿ ಕೆಲಸ ಶುರು.

ಸೀಮೆಎಣ್ಣೆ ಬಟ್ಟೆಯಲ್ಲಿ ಚೈನಿನ ಕೊಳೆ ಒರೆಸುವುದು, ಅಂಟುವಾಳದ ನೀರಿನಲ್ಲಿ ಮಡ್‌ಗಾರ್ಡ್ ತೊಳೆಯುವುದು, ಬಿಸಿಲಿಗೆ ಬಿಟ್ಟು ಒಣಗಿಸುವುದು, ಕೊನೆಗೆ ಚೈನಿಗೂ ಪೆಡಲಿಗೂ ಮಿಷಿನ್ ಎಣ್ಣೆ. ಅತ್ತೆ ಬಾಗಿಲಲ್ಲಿ ನಿಂತು ಸೊಂಟಕ್ಕೆ ಕೈ ಕೊಟ್ಟು ಹೇಳುತ್ತಿದ್ದರು:

"ಸೀರೆನೂ ಉಡ್ಸ್ಬುಡಿ, ಊವಾನೂ ಮುಡಿಸ್ಬುಡಿ. ನಾಳೆ ಗಂಡಿನ ಕಡೇರು ಬತ್ತಾರೆ!"

"ನಗು ಪಾಪಮ್ಮ, ನಗು. ನಮ್ಗೆ ಎಣ್ಣೆ ಮೊದ್ಲು, ನೀರು ಆಮೇಲೆ. ಇದ್ಕೆ ನೀರು ಮೊದ್ಲು, ಎಣ್ಣೆ ಆಮೇಲೆ. ಅಷ್ಟೇ ಯತ್ಯಾಸ" ಎನ್ನುವರು ಮಾವ.

ಮಾವ ಎಂದರೆ ನನ್ನ ಗಂಡನ ಅಪ್ಪ, ಹೆಸರು ವೆಂಕಟರಾಯಪ್ಪ. ಬಂಗಾರಪೇಟೆಗೆ ಹತ್ತಿರದ ನಮ್ಮ ಹಳ್ಳಿಯಿಂದ ಚಾಂಪಿಯನ್ ರೀಫ್ಸ್‌ನ ಚಿನ್ನದ ಗಣಿಗೆ ಸೈಕಲ್ಲಿನಲ್ಲೇ ಹೋಗಿ ಬಂದು, ಗಣಿ ಮುಚ್ಚುವ ತನಕ ದುಡಿದವರು. ಗಣಿ ಅವರಿಗೆ ಎರಡು ಕೊಟ್ಟಿತ್ತು: ಬಾಯಿಗೆ ಒಂದಿಷ್ಟು ತಮಿಳು, ಎದೆಗೆ ಒಂದಿಷ್ಟು ಕಲ್ಲಿನ ಧೂಳು. ಕೂತರೆ ನಿಂತರೆ ಗೊರಗೊರ. ಆದರೂ ಸ್ಪ್ಯಾನರ್ ಕೈಗೆ ಬಂದರೆ ಮುಖವೇ ಬೇರೆಯಾಗುತ್ತಿತ್ತು. ಚಕ್ರ ತಿರುಗಿಸುತ್ತಾ ಒಂದೊಂದೇ ಕಡ್ಡಿಯನ್ನು ಸ್ಪ್ಯಾನರಿನಿಂದ ಟಣ್ ಟಣ್ ಎಂದು ತಟ್ಟಿ, ಕಿವಿ ಕೊಟ್ಟು ಕೇಳುತ್ತಿದ್ದರು. ಸಡಿಲವಾದ ಕಡ್ಡಿ ಡಬ್ ಎನ್ನುತ್ತಿತ್ತು. "ಒಳಗೆ ಇಳ್ದ ಮ್ಯಾಕೆ ತಲೆ ಮೇಲಿನ ಬಂಡೇನ ಕಬ್ಬಿಣದಲ್ಲಿ ತಟ್ಟಿ ನೋಡ್ತಿದ್ವಿ ಕಣಮ್ಮಣ್ಣಿ. ಟಣ್ ಅಂದ್ರೆ ಸರಿ. ಡಬ್ ಅಂದ್ರೆ ಬೀಳ್ತೈತೆ ಅಂತ್ಲೇ ಲೆಕ್ಕ. ತಟ್ಟಿ ಕೇಳ್ದೆ ಎಲ್ಲಿಗೂ ಕಾಲಿಡಬಾರ್ದು." ಈ ಮಾತು ಅವರಿಗೆ ಎಲ್ಲಕ್ಕೂ ಒದಗುತ್ತಿತ್ತು. ಕುಂಬಳಕಾಯಿ ಕೊಳ್ಳುವಾಗಲೂ ತಟ್ಟಿಯೇ ಕೊಳ್ಳುತ್ತಿದ್ದರು, ಅಂಗಡಿಯವನು ಎಷ್ಟೇ ಗೊಣಗಲಿ.

ನನಗೆ ಸೈಕಲ್ಲು ಬಂದದ್ದು ದೊಡ್ಡ ರಾದ್ಧಾಂತದ ನಂತರ. ಮಾಲೂರಿನ ಕಡೆಯ ಗಾರ್ಮೆಂಟ್ಸ್‌ನಲ್ಲಿ ನನಗೆ ಹೊಲಿಗೆ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ರೈಲು ಹಿಡಿಯಬೇಕು, ಆ ಹೊತ್ತಿಗೆ ನಮ್ಮೂರಿಗೆ ಬಸ್ಸಿಲ್ಲ. ನನ್ನ ಗಂಡ ಗಾರೆ ಕೆಲಸಕ್ಕೆ ಅದಕ್ಕೂ ಮುಂಚೆ ಬೇರೆ ದಿಕ್ಕಿಗೆ ಹೊರಟುಬಿಡುತ್ತಿದ್ದರು. ಮಾವ ಗಣಿ ಪಕ್ಕದ ಊರಿಗಾಂನ ಹಳೇ ಸ್ನೇಹಿತರೊಬ್ಬರ ಮನೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಲೇಡೀಸ್ ಸೈಕಲ್ಲು ತಂದು ಅಂಗಳದಲ್ಲಿ ನಿಲ್ಲಿಸಿದರು. ಅತ್ತೆ ಆ ದಿನ ಉಣ್ಣಲಿಲ್ಲ.

"ಸೊಸೆ ಸೈಕಲ್ ತುಳ್ಕೊಂಡು ಓದ್ರೆ ಊರೋರು ಏನಂತಾರೆ?"

"ಊರೋರು ರೈಲ್ಗೆ ಕರ್ಕೊಂಡೋಗ್ತಾರಾ? ಕೇಳು ಮತ್ತೆ."

ಅತ್ತೆಯ ಕೋಪ ಇಮ್ಮಡಿಯಾಯಿತು. "ಆಯ್ತು, ನೀವಿರೋವರ್ಗೂ ನಡೀಲಿ. ನೀವು ಕಣ್ಮುಚ್ಚಿದ್ ದಿನ ಈ ಎರಡು ಸೈಕಲ್ಲೂ ಗುಜ್ರಿಗೆ ಆಕಿ ಕೈ ತೊಳ್ಕಂತೀನಿ" ಎಂದುಬಿಟ್ಟರು. ಮಾವ ನಕ್ಕರು. ನನಗೆ ನಗು ಬರಲಿಲ್ಲ. ಅತ್ತೆ ಬಾಯಿ ತಪ್ಪಿ ಆಡುವವರಲ್ಲ, ಆಡಿದ್ದನ್ನು ಮಾಡುವವರು. ಮೊದಲ ಸಂಬಳದಲ್ಲಿ ಅವರಿಗೊಂದು ಸೀರೆ ತಂದುಕೊಟ್ಟರೂ ಅದನ್ನು ಪೆಟ್ಟಿಗೆಗೆ ಹಾಕಿದರೇ ಹೊರತು ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಪಂಕ್ಚರ್ ಆದರೂ ಮಾವ ಅಂಗಡಿಗೆ ಬಿಡುತ್ತಿರಲಿಲ್ಲ. ಟ್ಯೂಬಿಗೆ ಗಾಳಿ ತುಂಬಿ ಬೇಸನ್ನಿನ ನೀರಿನಲ್ಲಿ ಮುಳುಗಿಸುತ್ತಿದ್ದರು. ಗುಳ್ಳೆ ಎದ್ದ ಕಡೆ ಬೆರಳಿಟ್ಟು, ಉಜ್ಜಿ ಒರಟು ಮಾಡಿ, ಸಲ್ಯೂಷನ್ ಹಚ್ಚಿ, ಅದು ಒಣಗುವ ತನಕ ಊದುತ್ತಾ ಕೂರುವರು. ಒಮ್ಮೆ ಹಾಗೆ ಊದುತ್ತಲೇ ಕೆಮ್ಮು ಹತ್ತಿ, ಕಣ್ಣಲ್ಲಿ ನೀರು ಬಂತು. ಬೆನ್ನು ನೀವಿದೆ. ಸುಧಾರಿಸಿಕೊಂಡು, "ಇದ್ರ ತೂತು ಗುಳ್ಳೆ ಬುಟ್ಟು ತೋರಿಸ್ತೈತೆ. ನಂದು ಎಲ್ಲೈತೋ ಡಾಕ್ಟ್ರಿಗೂ ಗೊತ್ತಾಗ್ತಿಲ್ಲ" ಎಂದರು. ಒಳಗೆ ಹೋಗಿ ಅತ್ತೆಯ ಮುಂದೆ ಹೇಳಿದೆ. ಅತ್ತೆ ಒಲೆಯ ಮುಂದಿನಿಂದ ಏಳದೆ, "ಬಿಸ್ನೀರು ಕೊಡೋಗು" ಎಂದರು. ಅವರ ಕಣ್ಣೂ ಕೆಂಪಾಗಿತ್ತು. ಹೊಗೆಗೋ ಏನೋ.

ಈ ಮಳೆಗಾಲಕ್ಕೆ ಮುಂಚೆ ಮಾವ ಮಂಚ ಹಿಡಿದರು. ಆದರೆ ಶುಕ್ರವಾರ ಮರೆಯಲಿಲ್ಲ. "ಅವ್ಳನ್ನ ಇಲ್ಲಿಗೇ ಕರ್ಕೊಂಡ್ ಬಾ" ಎಂದರು. ಸೈಕಲ್ಲನ್ನು ನಡುಮನೆಗೇ ತಂದೆ. ಅತ್ತೆ ಬೈಯಲಿಲ್ಲ, ಚಾಪೆ ಸರಿಸಿ ಜಾಗ ಮಾಡಿದರು. ನಾನು ಒರೆಸಿದೆ, ಎಣ್ಣೆ ಬಿಟ್ಟೆ. ಮಾವ ಮಲಗಿದ್ದಲ್ಲಿಂದಲೇ ಚೈನು ಒತ್ತಿ ನೋಡಿ ಬಿಗಿ ಮಾಡಿಸಿದರು. "ಬ್ರೇಕು ಒಸಿ ಸಡ್ಲ ಐತೆ. ಮಳೇಲಿ ಕೈ ಕೊಡ್ತೈತೆ, ಉಸಾರು." ಪಂಪು ನಾನು ಹೊಡೆಯುತ್ತಿದ್ದರೆ ಟೈರಿನ ಮೇಲೆ ಹೆಬ್ಬೆರಳು ಒತ್ತಿಕೊಂಡೇ ಇದ್ದರು. ಸಾಕು ಎನ್ನಬೇಕಾದಾಗ ಅವರಿಗೆ ಗಣಿಯ ತಮಿಳೇ ಬರುವುದು.

"ಪೋದುಂ ಕಣಮ್ಮಣ್ಣಿ. ಪೋದುಂ."

ಆಮೇಲಿನ ಶುಕ್ರವಾರಕ್ಕೆ ಅವರಿರಲಿಲ್ಲ.

ಅಯ್ಯೋ, ಆ ಹನ್ನೊಂದು ದಿನ! ಸೂತಕದ ಮನೆಯಲ್ಲಿ ತಲೆಗೆ ಎಣ್ಣೆ ಮುಟ್ಟಿಸುವ ಹಾಗಿಲ್ಲ. ಗಾರ್ಮೆಂಟ್ಸ್‌ನವರು ಕೊಟ್ಟ ರಜಾ ಮುಗಿದು, ಮಳೆಯಲ್ಲಿ ನೆನೆಯುತ್ತಾ ಮತ್ತೆ ಕೆಲಸಕ್ಕೆ ಹೊರಟೆ. ಚೈನು ಕಿರುಗುಟ್ಟಲಾರಂಭಿಸಿತು. ಎಣ್ಣೆ ಡಬ್ಬಿಗೆ ಕೈ ಹಾಕಿದರೆ ಅತ್ತೆ ತಡೆದರು: "ಸೂತ್ಕ ಮುಗಿಯೋಗಂಟ ಮುಟ್ಬೇಡ." ಊರಿನ ನಲ್ಲಿಯ ಹತ್ತಿರ ಹೆಂಗಸರು, "ಇದೇನ್ ರತ್ನಮ್ಮ, ನಿಮ್ಮಾವ ಇದ್ದಿದ್ರೆ ಇಂಗೆ ಕಿರ್ಚಾಕೆ ಬುಡ್ತಿದ್ರಾ?" ಎನ್ನುವರು. ನಾನು ಅಳು ನುಂಗಿಕೊಂಡು ತುಳಿಯುವೆ. ಗುಜರಿಯ ಮಾತು ಕಿವಿಯಲ್ಲೇ ಇತ್ತು. ಸೈಕಲ್ಲು ಹೋದರೆ ರೈಲು ಹೋಯಿತು, ರೈಲು ಹೋದರೆ ಕೆಲಸವೂ ಹೋಯಿತು. ಗಂಡನಿಗೆ ಹೇಳಿದರೆ, "ಅವ್ವನ ಹತ್ರ ಈಗ ಏನ್ ಕೇಳ್ಲಿ?" ಎಂದುಬಿಟ್ಟರು.

ಸೂತಕ ಕಳೆಯುವ ತಿಥಿ ಶುಕ್ರವಾರ ಬಂತು. ಊಟವಾದ ಮೇಲೆ ಅತ್ತೆಯ ತಮ್ಮ ಅಂಗಳದಲ್ಲಿ ಎಲೆಅಡಿಕೆ ಹಾಕುತ್ತಾ, "ಅಕ್ಕಯ್ಯ, ಈ ಸೈಕಲ್ಗಳು ಇನ್ಯಾಕೆ? ನಮ್ಮೂರಿಗೆ ಗುಜ್ರಿಯೋನು ಬತ್ತಾನೆ, ಎತ್ಕೊಂಡೋಗ್ಲಾ?" ಎಂದರು. ಅತ್ತೆ ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಹರಳೆಣ್ಣೆ ಬಟ್ಟಲು, ಕಂಕುಳಲ್ಲಿ ಗೋಣಿಚೀಲ.

ನನ್ನ ಸೈಕಲ್ಲಿನ ಮುಂದೆ ನಿಂತರು. ಬೆಲ್ಲಿನ ನೆತ್ತಿಗೆ ಎಣ್ಣೆ ಇಟ್ಟು ಅಂಗೈಯಲ್ಲಿ ಒತ್ತಿದರು. "ನೂರ್ಕಾಲ ಬಾಳವ್ವ" ಎಂದರು. ಆಮೇಲೆ ಗೋಣಿಚೀಲದ ಮೇಲೆ ಅದನ್ನು ತಲೆಕೆಳಗೆ ನಿಲ್ಲಿಸಿ ಕೂತು, ಒರೆಸದೆ ತೊಳೆಯದೆ, ಚೈನಿಗೂ ಅದೇ ಹರಳೆಣ್ಣೆಯನ್ನು ಸುರಿದು ಸುರಿದು ತಿಕ್ಕತೊಡಗಿದರು. ಹರಳೆಣ್ಣೆಗೆ ಧೂಳು ಅಂಟಿ ಚೈನು ಜಡ್ಡುಗಟ್ಟುತ್ತದೆ, ನಾಳೆ ತುಳಿಯಲು ಭಾರ. ಮಾವ ಇದ್ದಿದ್ದರೆ ಹಾರಿಬೀಳುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಪೆಡಲು ತಿರುಗಿಸಿದೆ, ಅಷ್ಟೇ.

ಬಟ್ಟಲಲ್ಲಿ ಇನ್ನೂ ಎಣ್ಣೆ ಉಳಿದಿತ್ತು. ಗೋಡೆಗೆ ಒರಗಿದ್ದ ಮಾವನ ಸೈಕಲ್ಲನ್ನು ನೋಡುತ್ತಾ, "ಅತ್ತೆ, ಮಾವಂದಕ್ಕೂ ಒಂದು ತೊಟ್ಟು..." ಎಂದೆ.

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನನ್ನೇ ಗದರಿದರು.

"ಅದ್ಕೆ ಇವತ್ಯಾಕೆ ಆಕ್ತೀಯ? ಅದು ಗಂಡಲ್ವಾ? ನಾಳೆ ಸನಿವಾರ."