ಜುಹೂ ಪಟ್ಟಿಯ ಮೇಲೆ ನಿಂತುಹೋದ ಮೋರಿಸ್

ವೆಂಕಟಸುಬ್ಬಯ್ಯನವರ ಮುಖಕ್ಕಿಂತ ಮೊದಲು ನಾನು ಕಂಡದ್ದು ಅವರ ಪಾದಗಳನ್ನು. ೧೯೬೮ರ ಬೇಸಿಗೆ ರಜೆಯಲ್ಲಿ ನಾವು ಮಾಟುಂಗದ ಆ ಬಿಲ್ಡಿಂಗಿಗೆ ಬಿಡಾರ ಬದಲಿಸಿದೆವು. ನಮ್ಮ ಸಾಮಾನು ಹೇರಿಕೊಂಡು ಬಂದ ಕೈಗಾಡಿಯವನು ಕಾಂಪೌಂಡಿನ ಬಾಗಿಲಲ್ಲೇ ನಿಂತುಬಿಟ್ಟ. ದಾರಿಗೆ ಅಡ್ಡಲಾಗಿ ತಲೆಯ ಮೇಲೆ ಮುಚ್ಚಳವಿಲ್ಲದ ಒಂದು ಹಳೆಯ ಕಾರು. ಅದರ ಅಡಿಯಿಂದ ಎರಡು ಪಾದಗಳು ಹೊರಗೆ ಚಾಚಿಕೊಂಡಿದ್ದವು.

"ಭಾಯಿಸಾಬ್, ಗಾಡಿ ಜರಾ..." ಎಂದು ನಾನು ಬಾರದ ಹಿಂದಿಯಲ್ಲಿ ಆರಂಭಿಸಿದೆ.

"ಕನ್ನಡದಲ್ಲೇ ಹೇಳಿ ಸ್ವಾಮಿ" ಎಂದವು ಪಾದಗಳು. "ಹಾಸಿಗೆ ಸುರುಳಿ ಮಣ್ಣಾಗುತ್ತೆ ಅಂತ ಈಗತಾನೇ ನಿಮ್ಮ ಮನೆಯವರನ್ನ ಗದರಿದ್ದು ಕೇಳಿಸಿತು."

"ಹಾಗಾದರೆ ಕಾರು ಸ್ವಲ್ಪ ತೆಗೆಯುತ್ತೀರಾ?"

"ತೆಗೀಬಹುದಿತ್ತು. ಅದರ ಹಿಂದಿನ ಚಕ್ರ ಮೂರನೇ ಮಹಡಿಯಲ್ಲಿ, ನಮ್ಮ ಅಡುಗೆಮನೆಯಲ್ಲಿದೆ."

ಕೊನೆಗೆ ಅವರೇ ಹೊರಗೆ ಬಂದು, ಮೈಯೆಲ್ಲ ಗ್ರೀಸಾಗಿದ್ದ ಹಾಗೆಯೇ, ನಮ್ಮ ಟ್ರಂಕು ಪಾತ್ರೆಗಳನ್ನು ನನ್ನೊಡನೆ ಹೊತ್ತು ತಂದರು. ನಮ್ಮ ಹಾಸಿಗೆಗೆ ಮಣ್ಣಾಗಲಿಲ್ಲ, ಎಣ್ಣೆಯಾಯಿತು. ನಮ್ಮ ಸ್ನೇಹ ಶುರುವಾದದ್ದು ಹೀಗೆ.

ಆಗ ಅವರಿಗೆ ನಲವತ್ತರ ಆಚೀಚೆ. ಮೈಸೂರಿನ ಕಡೆಯವರು, ಕೋಟೆ ಪ್ರದೇಶದ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತರು. ಮನೆಯಲ್ಲಿ ಹೆಂಡತಿ ರಮಾಮಣಿ, ತಾಯಿ ಸರಸ್ವತಮ್ಮ. ಬೆಳಿಗ್ಗೆ ಟಿಫಿನ್ ಡಬ್ಬಿ ಹಿಡಿದು ಲೋಕಲ್ ಹತ್ತುವ ಸಾವಿರಾರು ಜನರಲ್ಲಿ ಒಬ್ಬರಾಗಿ ಕಾಣುತ್ತಿದ್ದ ಆ ಮನುಷ್ಯನ ಒಳಗೆ ಇಂಥದೊಂದು ಹುಚ್ಚಿದೆಯೆಂದು ಯಾರೂ ಹೇಳುತ್ತಿರಲಿಲ್ಲ. ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಆ ಮೋರಿಸ್ ಕಾರು ಅವರಿಗೆ ದೊರೆತದ್ದು ಬಾಂದ್ರಾದ ಒಬ್ಬ ಪಾರ್ಸಿ ವೃದ್ಧೆಯಿಂದ. ಆಕೆಯ ಗಂಡ ತೀರಿಕೊಂಡ ಮೇಲೆ ಕಾರಿನಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದವಂತೆ. "ಓಡಿಸುವುದಾದರೆ ತೆಗೆದುಕೊಂಡು ಹೋಗು. ನಿನ್ನ ಮನೆಯಲ್ಲೂ ನಿಲ್ಲಿಸಿಡುವುದಾದರೆ ಕೋಳಿಗಳೇ ಇಟ್ಟುಕೊಳ್ಳಲಿ" ಎಂದಳಂತೆ ಆಕೆ.

ಓಡಿಸುವುದೆಂದರೆ ವೆಂಕಟಸುಬ್ಬಯ್ಯನವರ ಪಾಲಿಗೆ ಬೇರೆಯೇ ಅರ್ಥವಿತ್ತು. ಜುಹೂವಿನಲ್ಲಿ ವಿಮಾನ ಇಳಿಯುವ ಹಳೆಯ ಪಟ್ಟಿಯ ಮೇಲೆ ಆಗ ವರ್ಷಕ್ಕೊಮ್ಮೆ ಮೋಟಾರು ಓಟ ನಡೆಯುತ್ತಿತ್ತು. ಹುಲ್ಲಿನ ಪಿಂಡಿಗಳನ್ನು ಅಡ್ಡವಿಟ್ಟು ಪಟ್ಟಿಯ ಎರಡೂ ತುದಿಗಳಲ್ಲಿ ತಿರುವು ಮಾಡುತ್ತಿದ್ದರು. ನನ್ನನ್ನೂ ಒಮ್ಮೆ ಕರೆದುಕೊಂಡು ಹೋಗಿದ್ದರು. ಶಾಲಾ ಮೇಷ್ಟ್ರಾದ ನನಗೆ ಕಿವಿ ಮುಚ್ಚಿಕೊಳ್ಳುವುದೇ ಕೆಲಸವಾಯಿತು. ಅವರೋ ಪ್ರತಿ ತಿರುವಿನಲ್ಲೂ ತಾವೇ ಕಾರಿನಲ್ಲಿ ಕುಳಿತವರಂತೆ ಎಡಕ್ಕೆ ಬಲಕ್ಕೆ ವಾಲುತ್ತಿದ್ದರು. ಪಕ್ಕದಲ್ಲಿ ನಿಂತಿದ್ದವನು, "ಅರೇ, ಸೀದೇ ಖಡೇ ರಹೋ ನಾ" ಎಂದು, ನೆಟ್ಟಗೆ ನಿಲ್ಲುವಂತೆ ಬೈದ.

"ಗೆಲ್ಲಬೇಕು ಅಂತ ಇಲ್ಲ ಮೇಷ್ಟ್ರೇ" ಎಂದರು ಹಿಂದಿರುಗುವಾಗ. "ಈ ಊರಲ್ಲಿ ಯಾವ ರಸ್ತೆಯಲ್ಲಿ ಹೋದರೂ ಮುಂದೆ ಒಂದು ಬಸ್ಸಿರುತ್ತೆ, ಇಲ್ಲವೇ ಎಮ್ಮೆ ಇರುತ್ತೆ. ಒಂದು ಸಲ, ಒಂದೇ ಸಲ, ಪೆಡಲನ್ನ ನೆಲ ಮುಟ್ಟೋ ತನಕ ಒತ್ತಿ ನನ್ನ ಗಾಡಿ ಏನು ಮಾಡುತ್ತೆ ಅಂತ ನೋಡಬೇಕು. ಅಷ್ಟೇ."

ಅಷ್ಟಕ್ಕಾಗಿ ಅವರು ನಾಲ್ಕು ವರ್ಷ ದುಡಿದರು. ಪ್ರತಿ ಭಾನುವಾರ ಜೋಗೇಶ್ವರಿಯಲ್ಲಿ ಖಂಡಪ್ಪನೆಂಬ ಬೀದರ ಕಡೆಯ ಮೆಕ್ಯಾನಿಕನ ಶೆಡ್ಡಿಗೆ ಹೋಗುವರು. ಖಂಡಪ್ಪ ಮಾತಿನಲ್ಲಿ ಬಹಳ ಚುರುಕು. "ನಿಮ್ಮ ಗಾಡಿಗಿ ಎರಡು ರೋಗ ಅದಾವ್ರೀ ಸಾಹೇಬ್ರ. ಒಂದು ಮುದಿತನ, ಇನ್ನೊಂದು ನೀವು" ಎನ್ನುತ್ತಿದ್ದ. ಆದರೂ ಚೋರ್ ಬಜಾರಿನಲ್ಲಿ ಮೋರಿಸಿನ ಒಂದು ಸ್ಕ್ರೂ ಕಂಡರೂ ಇವರಿಗಾಗಿ ಎತ್ತಿಡುತ್ತಿದ್ದ. ಪರದೇಶದ ಬಿಡಿಭಾಗಗಳು ಬರುವ ದಾರಿ ಮುಚ್ಚಿದ್ದ ಕಾಲ ಅದು. ಒಂದು ಭಾಗ ಹೋದರೆ, ಮತ್ತೊಂದು ಮುದಿ ಕಾರು ಸಾಯುವವರೆಗೆ ಕಾಯಬೇಕು.

೧೯೭೨ರ ಕೊನೆಯಲ್ಲಿ ಹಳೆಯ ಕಾರುಗಳಿಗೆಂದೇ ಒಂದು ಓಟವನ್ನು ಇಟ್ಟರು. ಅದರ ನಿಯಮ ವಿಚಿತ್ರವಾಗಿತ್ತು. ಕಾರುಗಳ ವಯಸ್ಸು ಶಕ್ತಿಗಳು ಬೇರೆ ಬೇರೆಯಾದ್ದರಿಂದ ಎಲ್ಲಕ್ಕಿಂತ ನಿಧಾನದ್ದನ್ನು ಮೊದಲು ಬಿಡುವುದು, ಸ್ವಲ್ಪ ಹೊತ್ತಾದ ಮೇಲೆ ಅದಕ್ಕಿಂತ ವೇಗದ್ದನ್ನು, ಹೀಗೆ ಒಂದೊಂದಾಗಿ. ವೆಂಕಟಸುಬ್ಬಯ್ಯನವರ ಮೋರಿಸ್ ಎಲ್ಲಕ್ಕಿಂತ ನಿಧಾನದ್ದೆಂದು ತೀರ್ಮಾನವಾಯಿತು. ಬೇರೆಯವರಾಗಿದ್ದರೆ ಬೇಸರಪಡುತ್ತಿದ್ದರು. ಇವರು ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ನಮ್ಮ ಮನೆಗೆ ಬಂದು, "ಮೊದಲು ನಾನೇ ಮೇಷ್ಟ್ರೇ. ಎರಡನೆಯವನನ್ನ ಬಿಡೋ ತನಕ ಇಡೀ ಪಟ್ಟಿ ನನ್ನೊಬ್ಬನದು" ಎಂದರು.

ಓಟದ ದಿನ ಸರಸ್ವತಮ್ಮನವರೂ ಹೊರಟರು. ಮಗ ಬೇಡವೆಂದರು. "ನೀನು ಗಾಡಿ ಓಡಿಸೋದನ್ನ ಊರವರೆಲ್ಲ ನೋಡಬಹುದು, ಹೆತ್ತವಳು ನೋಡಬಾರದೇನೋ ಸುಬ್ಬು?" ಎಂದು ಕೇಳಿದರು. ಮನೆಯಲ್ಲೇ ಕಾರಿಗೆ ಪೂಜೆ ಮಾಡೋಣವೆಂದರೆ ಬೆಳಿಗ್ಗೆ ಬೇಗ ಹೊರಡುವ ಆತುರದಲ್ಲಿ ಮಗ ಒಪ್ಪಿರಲಿಲ್ಲ. ಆಕೆ ಸುಮ್ಮನೆ ಒಂದು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕುಳಿತರು. ಪಕ್ಕದಲ್ಲಿ ರಮಾಮಣಿ. ಮುಂದೆ ನಾನು.

ಜುಹೂವಿನಲ್ಲಿ ಮೊದಲು ಎಲ್ಲ ಕಾರುಗಳನ್ನೂ ಒಂದು ಜೀಪಿನ ಹಿಂದೆ ಸಾಲಾಗಿ ಪಟ್ಟಿ ಸುತ್ತಿಸಿದರು. ತಿರುವುಗಳ ಪರಿಚಯವಾಗಲೆಂದು. ಒಬ್ಬರನ್ನೊಬ್ಬರು ಹಿಂದೆ ಹಾಕಕೂಡದು. ಎರಡನೆಯ ಗೇರಿನಲ್ಲಿ ತೆವಳಿ ತೆವಳಿ ಹಿಂತಿರುಗುವಷ್ಟರಲ್ಲಿ ಮೋರಿಸಿನ ಎಂಜಿನ್ ಕೆಂಡವಾಗಿತ್ತು. ತಣ್ಣಗಾಗಲೆಂದು ವೆಂಕಟಸುಬ್ಬಯ್ಯನವರು ಬಾನೆಟ್ಟಿನ ರೆಕ್ಕೆ ಎತ್ತಿಟ್ಟರು. ಅಷ್ಟರಲ್ಲಿ ಚಾಲಕರನ್ನೆಲ್ಲ ನಿಯಮ ವಿವರಿಸಲು ಶಾಮಿಯಾನಕ್ಕೆ ಕರೆದರು. ನಾನೂ ಜೊತೆಗೆ ಹೋದೆ. ಬಾವುಟ ಬಿದ್ದ ಮೇಲೆ ಹೊರಡಬೇಕು, ಹೊರಡದ ಗಾಡಿಯನ್ನು ಬದಿಗೆ ತಳ್ಳುತ್ತೇವೆ ಎಂದು ಒಬ್ಬರು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ನಮ್ಮವರು ಶಾಲೆಯ ಹುಡುಗನಂತೆ ತಲೆಯಾಡಿಸುತ್ತಿದ್ದರು.

ನಾವು ಹಿಂತಿರುಗಿದಾಗ ಕಾರಿನ ಮುಂಭಾಗಕ್ಕೆ ಕುಂಕುಮವಿತ್ತು, ಚಕ್ರಗಳ ಅಡಿಯಲ್ಲಿ ನಿಂಬೆಹಣ್ಣುಗಳಿದ್ದವು, ಸರಸ್ವತಮ್ಮನವರ ಮುಖದಲ್ಲಿ ತೃಪ್ತಿಯಿತ್ತು. ಮಗ ನಕ್ಕು ಬಾನೆಟ್ಟನ್ನು ಮುಚ್ಚಿ, ತಾಯಿಗೆ ನಮಸ್ಕರಿಸಿ ಕುಳಿತರು. ನಾಲ್ಕು ಜನ ತಳ್ಳಿಕೊಂಡು ಹೋಗಿ ಗಾಡಿಯನ್ನು ಗೆರೆಯ ಮೇಲೆ ನಿಲ್ಲಿಸಿದರು. ಅದು ಅಲ್ಲಿಯ ಕ್ರಮ.

ಬಾವುಟ ಬಿತ್ತು. ಮೋರಿಸ್ ಕೆಮ್ಮಿತು. ಮತ್ತೆ ಕೆಮ್ಮಿತು. ಆಮೇಲೆ ಅದೂ ಇಲ್ಲ.

ಮುಂದೆ ಖಾಲಿ ಪಟ್ಟಿ ಸಮುದ್ರದ ಕಡೆಗೆ ಹರಡಿಕೊಂಡಿತ್ತು. ವೆಂಕಟಸುಬ್ಬಯ್ಯನವರು ಇಳಿದು, ಎಂಜಿನ್ ಎಬ್ಬಿಸುವ ಹ್ಯಾಂಡಲನ್ನು ಕಾರಿನ ಮುಂಭಾಗಕ್ಕೆ ಹಾಕಿ ತಿರುಗಿಸಿದರು. ಎರಡನೆಯ ಕಾರು ಅವರ ಪಕ್ಕದಿಂದ ಹೊರಟಿತು. ಇನ್ನೊಮ್ಮೆ ತಿರುಗಿಸಿದರು. ಮೂರನೆಯದು ಹೊರಟಿತು. ಸಾವಿರಾರು ಜನರ ಎದುರಿಗೆ ಒಬ್ಬ ಮನುಷ್ಯ ಹ್ಯಾಂಡಲ್ ತಿರುಗಿಸುತ್ತಿರುವುದನ್ನು ನೋಡುತ್ತ ನಾನು ಹಗ್ಗದ ಈಚೆ ನಿಂತಿದ್ದೆ. ಹಗ್ಗ ದಾಟಲು ಬಿಡುತ್ತಿರಲಿಲ್ಲ. ದಾಟಿದರೂ ನಾನೇನು ಮಾಡಬಲ್ಲವನು? ಕೊನೆಯ ಕಾರೂ ಹೋದ ಮೇಲೆ ಅಧಿಕಾರಿಯೊಬ್ಬ ಮೋರಿಸಿನ ಒಂಬತ್ತನೇ ನಂಬರು ಕೂಗಿ, "ನಂಬರ್ ನೌ, ಗಾಡಿ ಹಟಾವ್" ಎಂದ. ಮೋರಿಸನ್ನು ಹುಲ್ಲಿಗೆ ತಳ್ಳಿದರು.

ನನ್ನ ಪಕ್ಕದಲ್ಲಿ ಸರಸ್ವತಮ್ಮನವರು ಕಣ್ಣೊರಸಿಕೊಂಡರು. ದುಃಖದಿಂದಲ್ಲ. "ಎಲ್ಲರಿಗೂ ದಾರಿ ಬಿಟ್ಟುಕೊಟ್ಟ ನೋಡಿ ಮೇಷ್ಟ್ರೇ. ಅವರಪ್ಪನ ಗುಣ. ಮದುವೆಮನೆಯಲ್ಲೂ ಅವರು ಕೊನೇ ಪಂಕ್ತಿಯಲ್ಲೇ ಕೂರುತ್ತಿದ್ದದ್ದು" ಎಂದರು.

ಆಗ ರಮಾಮಣಿಯವರು ನನ್ನ ಹೆಂಡತಿಗೆ ಹೇಳುವಷ್ಟು ಸಲಿಗೆಯಿಂದ ನನಗೆ ಮೆಲ್ಲನೆ ಹೇಳಿದರು: "ದೇವಸ್ಥಾನದಿಂದ ಚೊಂಬಿನಲ್ಲಿ ತೀರ್ಥ ತಂದಿದ್ದರು. ಗಾಡಿ ಹೊಟ್ಟೆ ತೆರೆದು ಧಗಧಗ ಅಂತಿತ್ತಲ್ಲ, ತಂಪಾಗಲಪ್ಪ ಅಂತ ಅಭಿಷೇಕ ಮಾಡಿಬಿಟ್ಟರು. ಬುಸ್ ಅಂತ ಹಬೆ ಬಂತು. ನೋಡು, ಸ್ವಾಮಿ ಸ್ವೀಕರಿಸಿದ ಅಂದರು. ಅತ್ತೆಗೆ ನಾನು ಏನಂತ ಹೇಳಲಿ?"

ಮಾರನೆಯ ಭಾನುವಾರ ಖಂಡಪ್ಪ ಎಂಜಿನ್ನನ್ನು ಬಿಚ್ಚಿದ. ಅದರ ಮೇಲೆ ಮುಚ್ಚಳದಂತೆ ಕೂರುವ ಬೀಡುಕಬ್ಬಿಣದ ಭಾಗಕ್ಕೆ ಹೆಡ್ ಎನ್ನುತ್ತಾರೆ. ಅದು ಉದ್ದಕ್ಕೆ ಸೀಳಿತ್ತು.

"ಕಾದ ಬೀಡಿನ ಮ್ಯಾಲ ತಣ್ಣೀರು ಬಿದ್ದದ್ರೀ ಸಾಹೇಬ್ರ. ಯಾರ್ ಹಾಕ್ಯಾರ?"

"ಮಳೆ ಬಂದಿತ್ತು" ಎಂದರು ವೆಂಕಟಸುಬ್ಬಯ್ಯನವರು.

"ಡಿಸೆಂಬರ್‌ದಾಗ?" ಖಂಡಪ್ಪ ಪೈಪಿನ ಸಂದಿಯಿಂದ ಬಾಡಿದ ದಾಸವಾಳದ ಎಸಳನ್ನು ಚಿಮಟದಿಂದ ಹೊರತೆಗೆದ. ನೋಡಿದ. ಬೆಂಚಿನ ಮೇಲಿಟ್ಟ. "ಆತ್ರೀ, ಮಳೀನೇ ಇರಬೇಕು" ಎಂದು ಮತ್ತೆ ಆ ಮಾತನ್ನೆತ್ತಲಿಲ್ಲ.

ಬೇರೆ ಹೆಡ್ ಸಿಗಲಿಲ್ಲ. ಮದ್ರಾಸು, ಪೂನಾ, ಕಲ್ಕತ್ತೆಗಳಲ್ಲೆಲ್ಲ ವಿಚಾರಿಸಿದರು. ಕೊನೆಗೆ ಖಂಡಪ್ಪ ಬೆಸುಗೆ ಹಾಕಿ ಕಾರನ್ನು ಎಬ್ಬಿಸಿದ. "ನಡಸರಿ, ಓಡಸಬ್ಯಾಡ್ರಿ. ಜೋರು ಮಾಡಿದ್ರ ಹೊಲಿಗಿ ಬಿಚ್ಚತದ. ಮುಂದ ನನ್ನ ಕೈಲಾಗಂಗಿಲ್ಲ" ಎಂದ. ಮುಂದಿನ ವರ್ಷ ಪೆಟ್ರೋಲು ಕೈಗೆಟುಕದಂತಾಯಿತು. ಹಳೆಯ ಕಾರುಗಳ ಓಟವನ್ನು ಕೈಬಿಟ್ಟರು.

ಸರಸ್ವತಮ್ಮನವರಿಗೆ ಯಾರೂ ಏನನ್ನೂ ಹೇಳಲಿಲ್ಲ. ಆಕೆ ಬಂದವರಿಗೆಲ್ಲ ಹೇಳುತ್ತಿದ್ದರು: "ಅಷ್ಟು ಗಾಡಿಗಳ ಮಧ್ಯೆ ನಮ್ಮ ಸುಬ್ಬೂಗೆ ಒಂದು ಗೀರೂ ಆಗಲಿಲ್ಲ. ಎಲ್ಲ ಆ ತೀರ್ಥದ ಮಹಿಮೆ. ಅಲ್ಲವೇನೋ?"

"ಹೌದಮ್ಮ" ಎನ್ನುತ್ತಿದ್ದರು ಮಗ. ಆ ಮಾತನ್ನು ಅವರು ಹೇಳುವಾಗಲೆಲ್ಲ ನಾನು ಪತ್ರಿಕೆಯನ್ನು ಮುಖಕ್ಕೆ ಹಿಡಿಯುತ್ತಿದ್ದೆ. ಒಮ್ಮೆ ಇಬ್ಬರೇ ಇದ್ದಾಗ, ಮನಸ್ಸಿನಲ್ಲಿ ಕೋಪವಿಲ್ಲವೇ ಎಂದು ಕೇಳಿದೆ. "ಯಾರ ಮೇಲೆ ಮಾಡಿಕೊಳ್ಳಲಿ ಮೇಷ್ಟ್ರೇ? ನನ್ನ ಒಳ್ಳೆಯದಕ್ಕೇ ಹುಯ್ದದ್ದು. ಬೈಯೋಣ ಅಂದರೆ ಬೈಯೋಕೆ ಒಬ್ಬರೂ ಇಲ್ಲ. ಅದೇ ಕಷ್ಟ" ಎಂದರು.

ಈಗ, ಈ ಎಪ್ಪತ್ತೊಂಬತ್ತನೆಯ ಇಸವಿಯಲ್ಲಿ, ನಾನು ನಿವೃತ್ತನಾಗಿದ್ದೇನೆ. ವೆಂಕಟಸುಬ್ಬಯ್ಯನವರು ಇನ್ನೂ ಕಚೇರಿಗೆ ಹೋಗುತ್ತಾರೆ. ಮದುವೆಯ ತಿಂಗಳುಗಳಲ್ಲಿ ಅವರಿಗೆ ಬಿಡುವೇ ಇರುವುದಿಲ್ಲ. ಮದುವೆಯ ಹಿಂದಿನ ಸಂಜೆ ವರನನ್ನು ತೆರೆದ ಕಾರಿನಲ್ಲಿ ಕೂರಿಸಿ ನಾಗಸ್ವರದೊಂದಿಗೆ ಬೀದಿಯಲ್ಲಿ ಕರೆತರುವ ಪದ್ಧತಿ ಮಾಟುಂಗದ ನಮ್ಮವರಲ್ಲಿ ಇದೆಯಷ್ಟೆ. ತೆರೆದ ಕಾರು ಈಗ ಯಾರ ಬಳಿಯಿದೆ? ಮೊದಲು ಸಂಬಂಧಿಕರ ಮದುವೆಯೊಂದಕ್ಕೆ ಸರಸ್ವತಮ್ಮನವರೇ ಮಾತು ಕೊಟ್ಟರು. ಆಮೇಲೆ ಒಂದರ ಹಿಂದೆ ಒಂದು ಮನೆಯವರು ಬಂದರು. ಇಲ್ಲವೆನ್ನಲು ವೆಂಕಟಸುಬ್ಬಯ್ಯನವರಿಗೆ ಬರುವುದಿಲ್ಲ. ಬಿಳಿಯ ಅಂಗಿ ತೊಟ್ಟು, ಪಕ್ಕದಲ್ಲಿ ಒಂದು ಡಬ್ಬಿ ನೀರಿಟ್ಟುಕೊಂಡು ಹೊರಡುತ್ತಾರೆ.

ಕಳೆದ ವಾರ ನಾನು ಆ ಕಾರಿನ ಪಕ್ಕದಲ್ಲೇ ನಡೆದುಕೊಂಡು ಬಂದೆ. ಮಾತಾಡಲು ಅನುಕೂಲವಾಗುವಷ್ಟು ನಿಧಾನವಾಗಿತ್ತು. ಈ ಸಲ ಜುಹೂವಿನಲ್ಲಿ ಹಳೆಯ ಕಾರುಗಳನ್ನು ಮತ್ತೆ ಓಡಿಸುತ್ತಾರಂತೆ ಎಂದು ಯಾರಿಂದಲೋ ಕೇಳಿದ್ದನ್ನು ಹೇಳಿದೆ. ಅವರು ರಸ್ತೆಯಿಂದ ಕಣ್ಣು ತೆಗೆಯದೆ, "ಯಾವತ್ತು?" ಎಂದರು. ಹೇಳಿದೆ. "ಅವತ್ತು ಲಗ್ನ ಇದೆ ಮೇಷ್ಟ್ರೇ, ಒಪ್ಪಿಕೊಂಡಿದ್ದೀನಿ. ಹೇಗೂ ಇದು ತಡೆಯೋದಿಲ್ಲ" ಎಂದರು.

ಮುಂದೆ ನಾಗಸ್ವರದವರು ನಿಂತು ಒಂದು ರಾಗವನ್ನು ಬೆಳೆಸತೊಡಗಿದರು. ಕಾರು ನಿಂತಿತು. ಅವರು ನಡೆದರು, ಕಾರು ನಡೆಯಿತು. ಹಿಂದಿನಿಂದ ವರನ ಸೋದರಮಾವ ಓಡುತ್ತ ಬಂದು ಕಾರಿನ ಬಾಗಿಲು ಹಿಡಿದುಕೊಂಡ.

"ಸ್ವಲ್ಪ ಮೆಲ್ಲಗೆ ಸಾರ್. ಹೆಂಗಸರು ಹಿಂದೆ ಉಳಿದುಬಿಟ್ಟರು."

"ಆಗಲಿ" ಎಂದು ವೆಂಕಟಸುಬ್ಬಯ್ಯನವರು ಬ್ರೇಕಿನ ಮೇಲೆ ಕಾಲಿಟ್ಟರು.