ಕೋಸಿನ ತೋಟದ ಬಿಳಿ ಪುಡಿ

ಇದನ್ನು ಬರೆಯಬೇಕೆಂದು ಕೂತು ಎಷ್ಟೋ ಸಲ ಎದ್ದಿದ್ದೇನೆ. ಒಮ್ಮೆ ಕನ್ನಡಕ ಸಿಗಲಿಲ್ಲ, ಒಮ್ಮೆ ಕೊಯ್ಲಿನ ನೆಪ. ಇನ್ನು ತಡ ಮಾಡಿದರೆ ಹೇಳದೆಯೇ ಹೋಗುತ್ತೇನೆ.

ಕುಂದಾಣದ ಕಡೆ ನಮ್ಮ ಜಮೀನು. ಅಪ್ಪ ಹೋದ ಮೇಲೆ ನನಗೂ ತಮ್ಮನಿಗೂ ಪಾಲಾಯಿತು, ನಡುವೆ ಒಂದು ಬದು. ನನ್ನ ಕಡೆ ಕೋಸು, ಟೊಮೇಟೊ. ಅವನ ಕಡೆ ಹಿಪ್ಪುನೇರಳೆ, ಅದರಾಚೆ ರೇಷ್ಮೆ ಹುಳು ಸಾಕುವ ಮನೆ. ಹುಳು ಸಾಕುವವರ ಪಕ್ಕದಲ್ಲಿ ತರಕಾರಿ ಬೆಳೆಯುವವನು ಔಷಧಿ ಹೊಡೆಯುವ ಹಿಂದಿನ ದಿನ ಬದುವಿನ ಮೇಲೆ ನಿಂತು ಕೂಗಿ ಹೇಳಬೇಕು. ಅವರು ಆ ಕಡೆಯ ಸೊಪ್ಪನ್ನು ಮೊದಲೇ ಕೊಯ್ದುಕೊಳ್ಳುತ್ತಾರೆ. ಇದನ್ನು ನಾನು ತಪ್ಪಿಸಿದವನಲ್ಲ.

ಆ ಚಳಿಗಾಲ ಕೋಸಿಗೆ ಹುಳ ಬಿತ್ತು. ಯಾವ ವಿಷಕ್ಕೂ ಬಗ್ಗಲಿಲ್ಲ. ಔಷಧಿ ಅಂಗಡಿಯವನು ಒಂದು ಬಿಳಿ ಪುಡಿ ಕೊಟ್ಟ.

“ಇದು ವಿಷ ಅಲ್ಲ ಯಜಮಾನ್ರೇ, ಬೂಷ್ಟು. ಹಳಸಿದ ಅನ್ನದ ಮೇಲೆ ಬರ್ತದಲ್ಲ, ಅದ್ರ ಜಾತಿ. ಹುಳದ ಮೈಮೇಲೆ ಕೂತು ಒಳಗೆ ಬೇರು ಬಿಡ್ತದೆ. ಸಂಜೆ ತಂಪಲ್ಲಿ ಹೊಡೀರಿ.”

ನನ್ನ ತಲೆಯಲ್ಲಿ ಉಳಿದದ್ದು ‘ವಿಷ ಅಲ್ಲ’ ಎಂಬುದಷ್ಟೇ. ವಿಷವಲ್ಲದ ಮೇಲೆ ಕೂಗಿ ಹೇಳುವುದೇನು ಎಂದುಕೊಂಡೆ. ಬೆಲ್ಲದ ನೀರಿಗೆ ಕಲಸಿ ಹೊಡೆದೆ. ಗಾಳಿ ಹಿಪ್ಪುನೇರಳೆಯ ಕಡೆಗೆ ಬೀಸುತ್ತಿತ್ತು. ಅದು ನನ್ನ ಕಣ್ಣಿಗೆ ಬೀಳದೆ ಇರಲಿಲ್ಲ.

ಒಂದು ವಾರಕ್ಕೆ ಕೋಸಿನ ಎಲೆ ಮಗುಚಿ ನೋಡಿದರೆ ಹುಳಗಳು ಅಂಟಿಕೊಂಡಲ್ಲೇ ಸತ್ತಿದ್ದವು. ಮೈ ಸೆಟೆದು, ಸುಣ್ಣದಲ್ಲಿ ಅದ್ದಿದಷ್ಟು ಬೆಳ್ಳಗೆ. ಬೆರಳಲ್ಲಿ ಒತ್ತಿದರೆ ಪುಟ್ಟೆಂದು ಮುರಿಯುತ್ತಿದ್ದವು. ಗೆದ್ದೆನೆಂದುಕೊಂಡೆ.

ಅದೇ ದಿನ ತಮ್ಮ ಬಂದು ಕರೆದ. “ಅಣ್ಣ, ಸ್ವಲ್ಪ ಬಂದು ನೋಡು. ನಾಲ್ಕನೇ ಜ್ವರ ಎದ್ದ ಹುಳ, ಚೆನ್ನಾಗಿ ಮೇಯ್ತಿದ್ವು. ಏನಾಗಿದ್ಯೋ ಗೊತ್ತಾಗ್ತಿಲ್ಲ.”

ಜ್ವರವೆಂದರೆ ರೇಷ್ಮೆ ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ನಾಲ್ಕು ಜ್ವರ ದಾಟಿದರೆ ಇನ್ನೇನು ಗೂಡು ಕಟ್ಟುತ್ತವೆ. ಒಳಗೆ ಹೋದೆ. ಸೊಪ್ಪಿನ ಮೇಲೆ ಹುಳುಗಳು ಚಾಕ್‌ ತುಂಡುಗಳಂತೆ ಬಿದ್ದಿದ್ದವು. ರೋಗ ಬಾರದಿರಲೆಂದು ಉದುರಿಸಿದ ಸುಣ್ಣದ ಪುಡಿಯಿರಬಹುದೆಂದು ಒಂದನ್ನು ಎತ್ತಿಕೊಂಡೆ. ಅದು ಪುಟ್ಟೆಂದು ಮುರಿಯಿತು. ಬೆಳಿಗ್ಗೆ ಕೋಸಿನ ಎಲೆಯಲ್ಲಿ ಮುರಿದದ್ದೂ ಇದೇ. ಹುಳ ಕೊಲ್ಲುವ ಬೂಷ್ಟಿಗೆ ಕೋಸಿನ ಹುಳ ಯಾವುದು, ರೇಷ್ಮೆ ಹುಳು ಯಾವುದು ಎಂಬ ಭೇದ ಎಲ್ಲಿಂದ ಬರಬೇಕು? ನನಗೆ ಆ ಕ್ಷಣವೇ ಗೊತ್ತಾಯಿತು.

“ಸುಣ್ಣಕಟ್ಟು ರೋಗ ಕಣೋ,” ಎಂದೆ.

ಹುಳು ಹೀಗೆ ಬೆಳ್ಳಗೆ ಸೆಟೆದು ಸಾಯುವ ಆ ರೋಗ ಚಳಿಗಾಲದಲ್ಲಿ ತಾನಾಗಿಯೂ ಬರುತ್ತದೆ. ಬಂದರೆ ಮೊದಲು ಕೇಳುವುದು ಹುಳು ಮನೆ ಶುಚಿಯಾಗಿತ್ತೇ ಎಂದು. ಆ ಮನೆಯ ಕೆಲಸವೆಲ್ಲ ನೋಡುತ್ತಿದ್ದವಳು ತಮ್ಮನ ಹೆಂಡತಿ. ಕೈ ತೊಳೆಯದೆ ಒಳಗೆ ಕಾಲಿಟ್ಟವಳಲ್ಲ. ಹುಳು ಮೇಯುವ ಸದ್ದು ಕೇಳಿಯೇ ಹಸಿವೆಷ್ಟೆಂದು ಹೇಳುತ್ತಿದ್ದಳು. ಹಿಂದಿನ ವಾರ ತವರಿಗೆ ಹೋಗಿಬಂದಿದ್ದಳು. ಅವ್ವ ಹೊಸ್ತಿಲಲ್ಲೇ ಶುರು ಮಾಡಿದಳು.

“ಏನಮ್ಮಿ, ತವರಿಂದ ಬಂದ ಕಾಲು ತೊಳ್ಕೊಂಡಿದ್ಯೋ, ಇಲ್ಲ ಸೀದಾ ಒಳಗೆ ನುಗ್ಗಿದ್ಯೋ?”

“ತೊಳ್ಕೊಂಡೇ ಬಂದೆ ಅತ್ತೆ. ಸೀರೇನೂ ಬದಲಾಯಿಸ್ದೆ.”

“ನೋಡ್ದೋರು ಯಾರು?”

ಅವ್ವ ನನ್ನತ್ತ ತಿರುಗಿದಳು. ತಮ್ಮನೂ ನೋಡಿದ. ನಾನು ಸುಮ್ಮನಿದ್ದಿದ್ದರೂ ಆಗುತ್ತಿತ್ತು. “ಬಸ್ಸಿಳಿದು ಬಂದೋಳು ಚೀಲ ಹಿಡ್ಕೊಂಡು ಈ ಕಡೆಗೇ ಬಂದಂಗಿತ್ತಪ್ಪ,” ಎಂದುಬಿಟ್ಟೆ. ನಾನು ಅಂಥದ್ದೇನೂ ನೋಡಿರಲಿಲ್ಲ.

ಅವಳು ತಲೆ ಎತ್ತಲಿಲ್ಲ. ನಮ್ಮಲ್ಲಿ ತಮ್ಮನ ಹೆಂಡತಿ ಭಾವನ ಎದುರು ಕೂರುವುದಿಲ್ಲ, ನೇರವಾಗಿ ಮಾತಾಡುವುದಿಲ್ಲ. ಹೇಳುವುದಿದ್ದರೆ ಗಂಡನ ಮೂಲಕ, ಅತ್ತೆಯ ಮೂಲಕ. ಆ ದಿನ ಆ ಇಬ್ಬರೂ ನನ್ನ ಕಡೆಗಿದ್ದರು.

ಹುಳುಗಳನ್ನೆಲ್ಲ ಸುಟ್ಟರು. ಮುಂದಿನ ಬೆಳೆಯಿಂದ ಅವಳನ್ನು ಹುಳು ಮನೆಗೆ ಸೇರಿಸಲಿಲ್ಲ. ಸೊಪ್ಪು ಕೊಯ್ದು ಹೊರೆ ತಂದು ಹೊಸ್ತಿಲಾಚೆ ಇಳಿಸಿ ಹೋಗುತ್ತಿದ್ದಳು.

ಅವ್ವ ತೀರಿಹೋದ ಮೇಲೆ ತಮ್ಮನಿಗೆ ಎಲ್ಲ ಹೇಳಿದೆ. ಅವನು ಬೀಡಿ ಹಚ್ಚಿದ. “ಹೋಗ್ಲಿ ಬಿಡಣ್ಣ, ಆಗಿದ್ದಾಯ್ತು. ಅವಳಿಗೆ ಮಾತ್ರ ಹೇಳ್ಬೇಡ, ಇಷ್ಟು ದಿನದ್ದೆಲ್ಲ ಸೇರಿಸಿ ನನ್ನ ತಲೆ ತಿಂತಾಳೆ,” ಎಂದು ನಕ್ಕ. ನಾನೂ ನಕ್ಕೆ. ಎದೆ ಹಗುರಾಯಿತು ಎಂದೇ ತಿಳಿದಿದ್ದೆ.

ಈಚೆಗೆ ತಮ್ಮನಿಗೆ ಮಂಡಿನೋವು. ಮೊನ್ನೆ ನಾನು ಅವನ ಹುಳು ಮನೆಯ ಜಗಲಿಯಲ್ಲಿ ಕೂತಿದ್ದಾಗ ಹೆಂಡತಿಯನ್ನು ಕರೆದು, “ಲೇ, ಒಳಗೆ ಹೋಗಿ ಹುಳಕ್ಕೆ ಸೊಪ್ಪು ಹಾಕಿ ಬಾ,” ಎಂದ.

ಹೊರೆ ಇಳಿಸಿ ಅವಳು ಹೊಸ್ತಿಲಾಚೆಯೇ ನಿಂತಳು. “ನಾನ್ ಬೇಡ. ನನ್ ಕಾಲ್ಗುಣ ಹುಳಕ್ಕೆ ಆಗಲ್ಲ,” ಎಂದಳು. ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ಅದನ್ನು ಅವಳು ನಿಜವೆಂದೇ ನಂಬಿದ್ದಳು.

ತಮ್ಮ ನನ್ನ ಮುಖ ನೋಡಿದ. ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡು ಬದು ದಾಟಿ ಬಂದೆ. ಆಗಲೂ ಹೇಳಲಿಲ್ಲ.

ತಮ್ಮನಿಗೆ ಹೇಳಿದ್ದು ತಪ್ಪೊಪ್ಪಿಗೆಯಲ್ಲ ಎಂದು ಈಗ ಗೊತ್ತಾಗಿದೆ. ನಷ್ಟ ಅವನದು, ಅವನು ಮರೆತ. ನನ್ನ ಸುಳ್ಳು ಬಿದ್ದದ್ದು ಬೇರೆಯವರ ಮೇಲೆ. ಅವರ ಎದುರು ನಿಂತು, ಯಾರ ಮೂಲಕವೂ ಅಲ್ಲದೆ, ನಾನು ಇನ್ನೂ ಕ್ಷಮೆ ಕೇಳಿಲ್ಲ. ನನ್ನ ತಮ್ಮನ ಹೆಂಡತಿಯನ್ನು.